ಸೀನಿಯರ್‌ಗಳು ಬಿಟ್ಟುಹೋದ ಎಪಿಎಂ ಬೋರ್ಡನ್ನು ಇನ್ನೂ ಹಾರಿಸಬಹುದೇ?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಲ್ಯಾಬಿನ ಕಪಾಟಿನಲ್ಲಿ ಹಳೆಯ ಎಪಿಎಂ 2.8 ಸಿಕ್ಕಿದೆ. ಎಫ್450 ಫ್ರೇಮ್, ನಾಲ್ಕು ಎ2212 ಮೋಟಾರ್, 30 ಆಂಪಿಯರ್ ಇಎಸ್‌ಸಿ ಎಲ್ಲವೂ ಜೊತೆಗಿವೆ. ಇದನ್ನೇ ಬಳಸಬಹುದೇ, ಹೊಸ ಬೋರ್ಡ್ ತರಬೇಕೇ?" ಕೇಳುವವರು ಬೇರೆ ಬೇರೆ, ಬಿಡಿಭಾಗಗಳ ಪಟ್ಟಿ ಮಾತ್ರ ಅಕ್ಷರವೂ ಬದಲಾಗದೆ ಅದೇ. (ಎಪಿಎಂ ಎಂದರೆ ಡ್ರೋನಿನ ಹಾರಾಟವನ್ನು ನಿಯಂತ್ರಿಸುವ ಬೋರ್ಡ್, ಅಂದರೆ ಫ್ಲೈಟ್ ಕಂಟ್ರೋಲರ್. ಇಎಸ್‌ಸಿ ಎಂದರೆ ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್.)

ನನ್ನ ಉತ್ತರ ಇಷ್ಟು. ರಿಮೋಟ್ ನಿಮ್ಮ ಕೈಯಲ್ಲಿದ್ದು, ಕಣ್ಣು ಡ್ರೋನಿನ ಮೇಲಿದ್ದು, ಕೆಳಗೆ ಖಾಲಿ ಮೈದಾನವಿದ್ದರೆ ಧಾರಾಳವಾಗಿ ಬಳಸಿ. ಡ್ರೋನ್ ತಾನೇ ದಾರಿ ಹಿಡಿದು ಹೋಗಿ ಬರಬೇಕು, ನೀವು ಲ್ಯಾಪ್‌ಟಾಪ್ ಮುಂದೆ ಕುಳಿತು ನೋಡಬೇಕು ಎಂಬ ಯೋಜನೆಯಾದರೆ ಬೇಡ. ಔಷಧಿ ಸಿಂಪಡಿಸುವ ದೊಡ್ಡ ಡ್ರೋನಿಗೆ ಇದನ್ನು ಕೂರಿಸುವ ಆಲೋಚನೆಯಿದ್ದರೆ ಬೋರ್ಡನ್ನು ಇವತ್ತೇ ಕಪಾಟಿಗೆ ಹಿಂದಿರುಗಿಸಿ.

ಬೇಡ ಎನ್ನುವವರು ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. "ಅದು 8 ಬಿಟ್, ನಿಧಾನ" ಎನ್ನುತ್ತಾರೆ. ನಿಧಾನ ಹೌದು. ಎಪಿಎಂ ಮೇಲಿರುವ ಎಟಿಮೆಗಾ2560 ಚಿಪ್ಪಿನ ವೇಗ 16 ಮೆಗಾಹರ್ಟ್ಸ್, ರ‍್ಯಾಮ್ 8 ಕಿಲೋಬೈಟ್. ಸೆನ್ಸರ್ ಓದಿ ಮೋಟಾರಿಗೆ ಆದೇಶ ಕೊಡುವ ಅದರ ಮುಖ್ಯ ಲೂಪ್ ಸೆಕೆಂಡಿಗೆ 100 ಬಾರಿ ಸುತ್ತುತ್ತದೆ. ಅದರ ನಂತರ ಬಂದ ಪಿಕ್ಸ್‌ಹಾಕ್ ಬೋರ್ಡಿನಲ್ಲಿ ಅದು 400. ರೇಸಿಂಗ್ ಡ್ರೋನುಗಳ ತಂತ್ರಾಂಶವಾದ ಬೀಟಾಫ್ಲೈಟ್, ತಿರುಗುವಿಕೆ ಅಳೆಯುವ ಗೈರೋವನ್ನು ಸೆಕೆಂಡಿಗೆ 8000 ಬಾರಿ ಓದುತ್ತದೆ. ಆದರೆ ಎಫ್450 ಫ್ರೇಮಿಗೆ ಹಾಕುವ 10 ಇಂಚಿನ ಪ್ರೊಪೆಲ್ಲರ್ ತನ್ನ ವೇಗ ಬದಲಿಸಲು ತೆಗೆದುಕೊಳ್ಳುವ ಸಮಯದ ಮುಂದೆ ಆ 8000ಕ್ಕೆ ಅರ್ಥವಿಲ್ಲ. ಗಾಳಿಯಲ್ಲಿ ನಿಲ್ಲಲು, ನಿಧಾನವಾಗಿ ಅತ್ತಿತ್ತ ಚಲಿಸಲು 100 ಸಾಕು. ಸಾವಿರಾರು ಡ್ರೋನುಗಳು ಇದೇ ಬೋರ್ಡಿನಲ್ಲಿ ಹಾರಿವೆ. ಅವು ಹಾರಿದಾಗ ಭೌತಶಾಸ್ತ್ರದ ನಿಯಮಗಳು ಬೇರೆಯೇನೂ ಇರಲಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಎಪಿಎಂ ಒಳಗೆ ತುಂಬುವ ಹಾರಾಟದ ತಂತ್ರಾಂಶ, ಅಂದರೆ ಆರ್ಡುಕಾಪ್ಟರ್ ಫರ್ಮ್‌ವೇರ್, ಬೆಳೆಯುತ್ತಾ ಬೆಳೆಯುತ್ತಾ ಈ ಚಿಪ್ಪಿನ 256 ಕಿಲೋಬೈಟ್ ಜಾಗವನ್ನು ತುಂಬಿಬಿಟ್ಟಿತು. 2015ರಲ್ಲಿ ಬಂದ 3.2.1 ಎಪಿಎಂಗೆ ದೊರೆತ ಕೊನೆಯ ಆವೃತ್ತಿ. ಫರ್ಮ್‌ವೇರ್ ನಿಂತುಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಅದರ ದೋಷಗಳೆಲ್ಲ ಇಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿವೆ. ಫರ್ಮ್‌ವೇರ್ ನಿಂತರೂ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು ನಿಲ್ಲುವುದಿಲ್ಲವಲ್ಲ, ಪೇಚಾಟ ಶುರುವಾಗುವುದು ಅಲ್ಲಿ.

ಜಿಪಿಎಸ್ ಮಾಡ್ಯೂಲನ್ನೇ ನೋಡಿ. ಕಪಾಟಿನಲ್ಲಿ ಸಿಕ್ಕ ಹಳೆಯ ಜಿಪಿಎಸ್ ಕೆಟ್ಟಿರುತ್ತದೆ. ಹುಡುಗರು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿಯೋ ಆನ್‌ಲೈನ್‌ನಲ್ಲಿಯೋ ಹೊಸದೊಂದನ್ನು ತರುತ್ತಾರೆ. ಈ ಮಾಡ್ಯೂಲುಗಳ ಒಳಗೆ ಜಿಪಿಎಸ್ ಜೊತೆಗೆ ಕಂಪಾಸ್ ಚಿಪ್ ಕೂಡ ಇರುತ್ತದೆ. ಹಿಂದೆ ಅದು ಹನಿವೆಲ್ ಕಂಪನಿಯ ಎಚ್‌ಎಂಸಿ5883ಎಲ್. ಅದರ ತಯಾರಿಕೆ ನಿಂತು, ಈಗ ಅದೇ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಕ್ಯುಎಂಸಿ5883ಎಲ್. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಳಗೆ ಪೂರ್ತಿ ಬೇರೆ ಚಿಪ್. ಚಿಪ್ಪುಗಳು ಮಾತನಾಡಿಕೊಳ್ಳುವ ಐ2ಸಿ ಸಾಲಿನಲ್ಲಿ ಅದರ ವಿಳಾಸ ಬೇರೆ, ರಿಜಿಸ್ಟರುಗಳ ಜೋಡಣೆ ಬೇರೆ. 3.2.1ಕ್ಕೆ ಈ ಚಿಪ್ಪಿನ ಪರಿಚಯವೇ ಇಲ್ಲ. ಜಿಪಿಎಸ್ ಉಪಗ್ರಹಗಳನ್ನು ಹಿಡಿಯುತ್ತದೆ, ಲ್ಯಾಪ್‌ಟಾಪಿನ ಮಿಷನ್ ಪ್ಲಾನರ್ ತಂತ್ರಾಂಶದ ನಕ್ಷೆಯಲ್ಲಿ ಕಾಲೇಜಿನ ಮೈದಾನ ಸರಿಯಾಗಿ ಕಾಣುತ್ತದೆ, ಆದರೆ "ಕಂಪಾಸ್ ನಾಟ್ ಹೆಲ್ದಿ" ಎಂಬ ಸೂಚನೆ ಬಂದು ಮೋಟಾರ್ ತಿರುಗಲು ಬಿಡುವುದಿಲ್ಲ.

ಮುಂದಿನ ಹೆಜ್ಜೆ ನನಗೆ ಬಾಯಿಪಾಠ. ಎಪಿಎಂ 2.8 ಮೇಲೆ ಒಂದು ಪುಟ್ಟ ಜಂಪರ್ ಇದೆ. ಅದನ್ನು ಕಿತ್ತರೆ ಬೋರ್ಡಿನ ಒಳಗಿನ ಕಂಪಾಸ್ ಸುಮ್ಮನಾಗಿ ಹೊರಗಿನದು ಕೆಲಸಕ್ಕೆ ಬರುತ್ತದೆ. (2.8 ಎಂಬುದು ನಕಲು ಬೋರ್ಡ್ ಮಾಡುವವರು ಇಟ್ಟ ಸಂಖ್ಯೆ. ಮೂಲ ತಯಾರಕರಾದ 3ಡಿಆರ್ ಹೊರತಂದ ಸಾಲು 2.6ಕ್ಕೆ ಮುಗಿಯಿತು.) ಹೊರಗಿನ ಕಂಪಾಸ್ ಮಾತನಾಡುತ್ತಿಲ್ಲವೆಂದು ಜಂಪರನ್ನು ಮತ್ತೆ ಸಿಕ್ಕಿಸುತ್ತಾರೆ. ಸೂಚನೆ ಮಾಯವಾಗುತ್ತದೆ, ಮೋಟಾರ್ ತಿರುಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಈಗ ಆ ಕಂಪಾಸ್ ಎಲ್ಲಿದೆ ನೋಡಿ: ಎಫ್450 ಫ್ರೇಮಿನ ನಟ್ಟನಡುವೆ. ಆ ಫ್ರೇಮಿನ ಕೆಳತಟ್ಟೆಯೇ ಬ್ಯಾಟರಿಯ ಕರೆಂಟನ್ನು ನಾಲ್ಕೂ ಇಎಸ್‌ಸಿಗಳಿಗೆ ಹಂಚುವ ಬೋರ್ಡ್. ಥ್ರಾಟಲ್ ಏರಿಸಿದಾಗ ಅದರಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ, ಅದರ ಕಾಂತಕ್ಷೇತ್ರ ಕಂಪಾಸಿನ ಮುಳ್ಳನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಕೈಯಿಂದ ಹಾರಿಸುವ ಸ್ಟೆಬಿಲೈಸ್ ಮೋಡ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದೇ ಜಾಗದಲ್ಲಿ ನಿಲ್ಲಿಸುವ ಲಾಯ್ಟರ್ ಮೋಡ್‌ಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ. ಉತ್ತರಕ್ಕೆ ಸರಿಯಬೇಕೆಂದುಕೊಂಡ ಡ್ರೋನ್ ವಾಯವ್ಯಕ್ಕೆ ಸರಿಯುತ್ತದೆ, ಅದನ್ನು ಸರಿಪಡಿಸಲು ಹೋಗಿ ಇನ್ನೊಂದು ಕಡೆಗೆ ವಾಲುತ್ತದೆ, ಹಗ್ಗ ಸಡಿಲವಾದ ಗಾಣದ ಎತ್ತಿನಂತೆ ಸುತ್ತು ದೊಡ್ಡದು ಮಾಡುತ್ತಲೇ ಹೋಗುತ್ತದೆ. ಆಗ ಸ್ಟೆಬಿಲೈಸ್‌ಗೆ ಮರಳಿ ಕೈಯಿಂದ ಇಳಿಸಲು ಬರುವವರು ಉಳಿಸಿಕೊಳ್ಳುತ್ತಾರೆ. ಬಾರದವರು ನನಗೆ ಮುರಿದ ಫ್ರೇಮಿನ ಫೋಟೊ ಕಳಿಸುತ್ತಾರೆ.

ಹೊಸ ಬೋರ್ಡಿನಲ್ಲೂ ಕಂಪಾಸ್ ತಪ್ಪು ಹೇಳಬಹುದು. ಅಲ್ಲಿ ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್, ಅಂದರೆ ಇಕೆಎಫ್, ಕೆಲಸ ಮಾಡುತ್ತಿರುತ್ತದೆ. ಗೈರೋ, ಜಿಪಿಎಸ್, ಕಂಪಾಸ್, ಗಾಳಿಯ ಒತ್ತಡದಿಂದ ಎತ್ತರ ತಿಳಿಸುವ ಬ್ಯಾರೋಮೀಟರ್ ಹೇಳುವುದನ್ನೆಲ್ಲ ಒಂದಕ್ಕೊಂದು ತಾಳೆ ನೋಡಿ, ಒಬ್ಬ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೆ ಅವನ ಮಾತಿಗೆ ಬೆಲೆ ಕಡಿಮೆ ಮಾಡುತ್ತದೆ. ಲೆಕ್ಕ ಕೈಮೀರಿದರೆ ಡ್ರೋನನ್ನು ಇಳಿಸಿಬಿಡುತ್ತದೆ. ಆ ಲೆಕ್ಕ ಮಾಡುವಷ್ಟು ಶಕ್ತಿ ಎಪಿಎಂ ಚಿಪ್ಪಿಗಿಲ್ಲ. 3.2ರಲ್ಲಿ ತಪಾಸಣೆ ಇಲ್ಲವೇ ಇಲ್ಲ ಎನ್ನುವಂತಿಲ್ಲ, ದಿಕ್ಕು ವಿಪರೀತ ತಪ್ಪಿದಾಗ ಇಳಿಸುವ ಒರಟು ವ್ಯವಸ್ಥೆಯೊಂದು ಇದೆ. ಅದು ಎಚ್ಚರಗೊಳ್ಳುವಷ್ಟರಲ್ಲಿ ಡ್ರೋನ್ ಪಕ್ಕದ ಹಾಸ್ಟೆಲಿನ ಮೇಲಿರಬಹುದು. ಅದಕ್ಕೇ ಸ್ವಯಂಚಾಲಿತ ಹಾರಾಟಕ್ಕೆ ಬೇಡ ಎನ್ನುವುದು. ನಿಧಾನವಾಗಿ ಯೋಚಿಸುವ ಬೋರ್ಡನ್ನು ನಾನು ಸಹಿಸುತ್ತೇನೆ, ತನಗೆ ಬಂದ ಸುದ್ದಿಯನ್ನೆಲ್ಲ ನಂಬುವ ಬೋರ್ಡಿಗೆ ದಾರಿಯ ಹೊಣೆ ಕೊಡಲು ಮನಸ್ಸು ಬರುವುದಿಲ್ಲ.

ಆದರೂ ಇದರಲ್ಲೇ ಕಲಿಯುತ್ತೇವೆ ಎನ್ನುವವರು ಪ್ರೊಪೆಲ್ಲರ್ ಹಾಕುವ ಮುಂಚೆ ಮೇಜಿನ ಮೇಲೆ ಬೋರ್ಡಿನ ಆರೋಗ್ಯ ನೋಡಿಕೊಳ್ಳಬೇಕು. ನಕಲು ಎಪಿಎಂಗಳಲ್ಲಿ ಮೊದಲು ಸಾಯುವುದು 3.3 ವೋಲ್ಟ್ ರೆಗ್ಯುಲೇಟರ್. ದೀಪಗಳು ಉರಿಯುತ್ತವೆ, ಯುಎಸ್‌ಬಿ ಮೂಲಕ ಸಂಪರ್ಕವೂ ಸಿಗುತ್ತದೆ, ಆದರೆ ಎತ್ತರದ ಅಂಕಿ ಹುಚ್ಚು ಹಿಡಿದಂತೆ ಕುಣಿಯುತ್ತದೆ ಅಥವಾ ಸೆನ್ಸರುಗಳೇ ಸಿಗುವುದಿಲ್ಲ. ಫರ್ಮ್‌ವೇರನ್ನು ಮತ್ತೆ ಮತ್ತೆ ತುಂಬಿಸಿ ವಾರ ಕಳೆಯುವ ಬದಲು ಮಲ್ಟಿಮೀಟರ್ ಹಿಡಿದು ಆ 3.3 ವೋಲ್ಟ್ ಇದೆಯೇ ಎಂದು ಮೊದಲು ಅಳೆಯಿರಿ. ಆಮೇಲೆ ಡಬ್ಬಿ ಬಿಚ್ಚಿ ಬ್ಯಾರೋಮೀಟರ್ ಮೇಲೆ ಕಪ್ಪು ಸ್ಪಂಜಿನ ತುಂಡು ಇದೆಯೇ ನೋಡಿ. ಎಂಎಸ್5611 ಎಂಬ ಆ ಚಿಪ್ ಬೆಳಕು ಬಿದ್ದರೂ ಒತ್ತಡ ಬದಲಾಯಿತೆಂದು ಭಾವಿಸುತ್ತದೆ. ನೆರಳಿನಿಂದ ಬಿಸಿಲಿಗೆ ಬಂದ ಡ್ರೋನ್ ಸುಮ್ಮಸುಮ್ಮನೆ ಏರಿಳಿಯುತ್ತಿದ್ದರೆ ಆ ಸ್ಪಂಜು ಬಿದ್ದುಹೋಗಿರುವ ಸಾಧ್ಯತೆ ಹೆಚ್ಚು.

ದಿಕ್ಕಿನ ಪರೀಕ್ಷೆ ಕರ್ನಾಟಕದಲ್ಲಿ ಸುಲಭ. ಭೂಮಿಯ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ. ಹಾಗಾಗಿ ಡ್ರೋನಿನ ಮೂತಿಯನ್ನು ನಕ್ಷೆಯಲ್ಲಿ ಉತ್ತರ–ದಕ್ಷಿಣವಾಗಿ ಕಾಣುವ ರಸ್ತೆಗೆ ಸರಿಯಾಗಿ ಹಿಡಿದಾಗ ಪರದೆಯಲ್ಲಿ 20 ಡಿಗ್ರಿ ಆಚೀಚೆ ಬಂದರೆ ಭೂಮಿಯನ್ನು ದೂರಬೇಡಿ, ಕ್ಯಾಲಿಬ್ರೇಷನ್ ಅಥವಾ ಪಕ್ಕದ ತಂತಿಯನ್ನು ನೋಡಿ. ರಸ್ತೆಯ ಮೇಲೇ ನಿಂತು ಅಳೆಯಬೇಡಿ, ಕಾರು ಮತ್ತು ಕಬ್ಬಿಣದ ಕಂಬಿ ಕೂಡ ಮುಳ್ಳನ್ನು ಎಳೆಯುತ್ತವೆ.

ಮೊದಲ ಹಾರಾಟ ಸ್ಟೆಬಿಲೈಸ್‌ನಲ್ಲಿ, ಗಾಳಿಯಿಲ್ಲದ ಬೆಳಗಿನಲ್ಲಿ, ಆಳೆತ್ತರದಲ್ಲಿ. ಇಳಿಸಿದ ಮೇಲೆ ಲಾಗ್ ತೆರೆಯಿರಿ. ಐಎಂಯು, ಅಂದರೆ ಚಲನೆಯ ಸೆನ್ಸರುಗಳ ದಾಖಲೆಯನ್ನು ಮೊದಲೇ ಆನ್ ಮಾಡಿರಬೇಕು. ಡ್ರೋನ್ ನಿಂತಲ್ಲೇ ನಿಂತಿದ್ದಾಗ ಎಕ್ಸ್ ಮತ್ತು ವೈ ಅಕ್ಷಗಳ ವೇಗೋತ್ಕರ್ಷ ಮೈನಸ್ 3ರಿಂದ ಪ್ಲಸ್ 3ರ ಒಳಗೆ, ಝಡ್ ಅಕ್ಷದ್ದು ಮೈನಸ್ 5ರಿಂದ ಮೈನಸ್ 15ರ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚು ಅಲುಗಾಡುತ್ತಿದ್ದರೆ ಎತ್ತರ ಕಾಯುವ ಆಲ್ಟ್ ಹೋಲ್ಡ್ ಮೋಡ್‌ಗೆ ಹೋಗಬೇಡಿ. ಕಂಪನ ಮಿತಿಮೀರಿದಾಗ ಥ್ರಾಟಲ್ ತಾನಾಗಿ ಏರಿ ಡ್ರೋನ್ ರಾಕೆಟ್ಟಿನ ಅವತಾರ ತಾಳುವುದುಂಟು. ಅಗ್ಗದ ಪ್ರೊಪೆಲ್ಲರುಗಳನ್ನು ತೂಗಿ ಸಮಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ, ಅದಕ್ಕೆ ಮಾತ್ರ ಯಾರಿಗೂ ತಾಳ್ಮೆಯಿಲ್ಲ.

ಮನೆಗೆ ಮರಳುವ ಆರ್‌ಟಿಎಲ್ ಮೋಡ್ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇದು ಹಳೆಯ ಬೋರ್ಡಿನ ತಪ್ಪಲ್ಲದಿದ್ದರೂ. ಆರ್ಡುಕಾಪ್ಟರ್ ಮೊದಲಿನಿಂದಲೂ ಇಟ್ಟಿರುವ ಮರಳುವ ಎತ್ತರ 15 ಮೀಟರ್. ನಮ್ಮ ತೆಂಗಿನ ತೋಟಗಳಲ್ಲಿ ಅದು ಸರಿಯಾಗಿ ಗರಿಗಳ ಎತ್ತರ. ಬದಲಿಸಿಕೊಳ್ಳಿ.

ಉಳಿದ ಹಳೆಯ ಬೋರ್ಡುಗಳ ಬಗ್ಗೆ ಇಷ್ಟು ದೀರ್ಘ ಉತ್ತರ ಬೇಕಿಲ್ಲ. ಕೆಕೆ2 ಸಿಕ್ಕಿದರೆ ಬಿಸಾಡಬೇಡಿ. ನಾರ್ವೆಯ ರೋಲ್ಫ್ ಬಕ್ಕೆ ರೂಪಿಸಿದ ಆ ಬೋರ್ಡಿನಲ್ಲಿ ಜಿಪಿಎಸ್ ಇಲ್ಲ, ಕಂಪಾಸ್ ಇಲ್ಲ, ಹಾಗಾಗಿ ಸುಳ್ಳು ಹೇಳಲು ಯಾರೂ ಇಲ್ಲ. ಪುಟ್ಟ ಪರದೆ ಮತ್ತು ನಾಲ್ಕು ಗುಂಡಿಗಳಿವೆ. ಡ್ರೋನ್ ತನ್ನನ್ನು ಎಷ್ಟು ಜೋರಾಗಿ ತಿದ್ದಿಕೊಳ್ಳಬೇಕೆಂದು ಹೇಳುವ ಪಿ ಮತ್ತು ಐ ಬೆಲೆಗಳನ್ನು ಮೈದಾನದಲ್ಲೇ ನಿಂತು ಏರಿಸಿ ಇಳಿಸಿ, ಡ್ರೋನ್ ಯಾವಾಗ ನಡುಗುತ್ತದೆ, ಯಾವಾಗ ತೇಲುತ್ತದೆ ಎಂದು ಕಣ್ಣಾರೆ ಕಾಣಬಹುದು. ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುವ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ನೇಜ್32 ಬೋರ್ಡ್ ಬೀಟಾಫ್ಲೈಟ್ 3.2ಕ್ಕೆ ನಿಂತಿದೆ. ಈಗಾಗಲೇ ಚೆನ್ನಾಗಿ ಹಾರುತ್ತಿದ್ದರೆ ಮುಟ್ಟದೆ ಹಾರಿಸಿ, ಹೊಸ ಡ್ರೋನಿಗೆ ಕೂರಿಸಬೇಡಿ. ಡಿಜೆಐ ನಾಝಾ ಮುಚ್ಚಿದ ಪೆಟ್ಟಿಗೆ. ಹಾರುವಾಗ ಸೊಗಸು, ಕೆಟ್ಟಾಗ ಒಳಗೆ ಏನಾಯಿತೆಂದು ನೋಡುವ ದಾರಿಯಿಲ್ಲ, ಕಲಿಯುವವರಿಗೆ ಅದರಿಂದ ಏನು ಸಿಕ್ಕಿತು?

ಹಳೆಯ ಪಿಕ್ಸ್‌ಹಾಕ್ ಮಾತ್ರ ಬೇರೆ ಜಾತಿ. 2013ರ ಆ ವಿನ್ಯಾಸದಲ್ಲಿ 168 ಮೆಗಾಹರ್ಟ್ಸ್ ಚಿಪ್ ಇದೆ, ಗೈರೋ ಮತ್ತು ಆಕ್ಸೆಲೆರೋಮೀಟರ್ ಎರಡೆರಡು ಇವೆ, ಇಕೆಎಫ್ ಓಡುತ್ತದೆ. ನೋಡಬೇಕಾದದ್ದು ಒಂದೇ: ಚಿಪ್ಪಿನ 2 ಮೆಗಾಬೈಟ್ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ) ಪೂರ್ತಿ ಬಳಕೆಗೆ ಸಿಗುತ್ತದೆಯೇ ಎಂದು. ಮೊದಲ ಕಂತಿನ ಚಿಪ್ಪುಗಳಲ್ಲಿದ್ದ ದೋಷದಿಂದ ಅರ್ಧ ಮಾತ್ರ ಬಳಸಬಹುದಿತ್ತು. ನಕಲು ಬೋರ್ಡುಗಳಲ್ಲಿ ಅಂಥವು ಈಗಲೂ ಸಿಗುತ್ತವೆ, ಅವಕ್ಕೆ ಸೌಲಭ್ಯ ಕತ್ತರಿಸಿದ ಫರ್ಮ್‌ವೇರ್ ಹಾಕಬೇಕಾಗುತ್ತದೆ. ಪೂರ್ತಿ 2 ಮೆಗಾಬೈಟ್ ಇದ್ದರೆ ಸ್ವಯಂಚಾಲಿತ ಪ್ರಾಜೆಕ್ಟಿಗೂ ಒಪ್ಪಿಗೆ.

ಹೊಸ ಎಪಿಎಂ ಕೊಳ್ಳಬಹುದೇ ಎಂದೂ ಕೇಳುತ್ತಾರೆ, ಈಗಲೂ ಅದನ್ನು ಹೊಚ್ಚಹೊಸದೆಂದು ಮಾರುವವರಿದ್ದಾರೆ. ದುಡ್ಡು ಕೊಟ್ಟು ಖಂಡಿತ ಬೇಡ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಎಫ್405 ಚಿಪ್ಪಿನ, ಆರ್ಡುಪೈಲಟ್ (ಆರ್ಡುಕಾಪ್ಟರ್ ಇದರ ಭಾಗ) ಒಪ್ಪುವ ಬೋರ್ಡ್ ತೆಗೆದುಕೊಳ್ಳಿ, ಶಕ್ತಿಯಿದ್ದರೆ ಎಚ್743. ಕಪಾಟಿನಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆ ಮಾತ್ರ ನಾನು ಮೇಲೆ ಹೇಳಿದ ಹೌದು ಅನ್ವಯಿಸುತ್ತದೆ.

ಬದಲಿಸುವುದಾದರೆ ಬೇಗ ಬದಲಿಸಿ, ಏಕೆಂದರೆ ನಮ್ಮಲ್ಲಿ ಇದು ಬರೀ ಸ್ಕ್ರೂ ಬಿಚ್ಚಿ ಹಾಕುವ ಕೆಲಸವಲ್ಲ. ಬ್ಯಾಟರಿ ಸೇರಿ ಒಂದೂಕಾಲು ಕಿಲೋ ತೂಗುವ ಎಫ್450, 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ, 2 ಕಿಲೋ ಒಳಗಿನ ಮೈಕ್ರೋ ವರ್ಗಕ್ಕೆ ಸೇರುತ್ತದೆ. ವಾಣಿಜ್ಯ ಉದ್ದೇಶವಿಲ್ಲದಿದ್ದರೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಆದರೆ ಡ್ರೋನಿಗೆ ಗುರುತಿನ ಸಂಖ್ಯೆ ಪಡೆಯಬೇಕು. ಆ ಗುರುತಿನ ಸಂಖ್ಯೆಯನ್ನು ಡ್ರೋನಿನ ಕ್ರಮಸಂಖ್ಯೆಯ ಜೊತೆಗೆ ಫ್ಲೈಟ್ ಕಂಟ್ರೋಲರಿನ ಕ್ರಮಸಂಖ್ಯೆಗೂ ಜೋಡಿಸಿರುತ್ತಾರೆ. ಬೋರ್ಡ್ ಬದಲಿಸಿದರೆ ಹೊಸ ಸಂಖ್ಯೆಯನ್ನು ದಾಖಲಿಸಬೇಕು. ಎಪಿಎಂ ಹಾಕಿ ನೋಂದಾಯಿಸಿ, ಎರಡು ತಿಂಗಳಿಗೆ ಪಿಕ್ಸ್‌ಹಾಕ್ ಹಾಕಿ, ಮತ್ತೆ ಕಾಗದಪತ್ರದ ಹಿಂದೆ ಬೀಳುವುದಕ್ಕಿಂತ ಯಾವ ಬೋರ್ಡ್ ಎಂದು ಮೊದಲೇ ತೀರ್ಮಾನಿಸಿಕೊಂಡು ಅರ್ಜಿ ಹಾಕಿ. ಕಾಲೇಜಿನ ಆವರಣದೊಳಗೆ ಸಂಶೋಧನೆಗಾಗಿ ಹಾರಿಸುವವರಿಗೆ ನಿಯಮಗಳಲ್ಲಿ ವಿನಾಯಿತಿ ಇದೆ. ಅದು ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ವಲಯಕ್ಕಷ್ಟೇ ಸೀಮಿತ, ಆದ್ದರಿಂದ ಆ ನಕ್ಷೆಯಲ್ಲಿ ನಿಮ್ಮ ಕಾಲೇಜು ಯಾವ ಬಣ್ಣದಲ್ಲಿದೆ ಎಂದು ಪ್ರಾಜೆಕ್ಟಿನ ಹೆಸರು ಬರೆದುಕೊಡುವ ಮುಂಚೆ ನೋಡಿಕೊಳ್ಳಿ.