ಒಂದು ಕಾರಿಗೆ 11 ವರ್ಷವೇ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. 1966ರ ಒಂದು ಎಂಜಿಬಿ ರೋಡ್‌ಸ್ಟರ್ ಕಾರನ್ನು, ಅಂದರೆ ಎರಡು ಸೀಟಿನ ಬ್ರಿಟಿಷ್ ತೆರೆದ ಕಾರನ್ನು, ಮನೆಯ ಗ್ಯಾರೇಜಿನಲ್ಲಿ 2013ರಲ್ಲಿ ಬಿಚ್ಚಲು ಶುರು ಮಾಡಿದ ನಾನು, 2024ರಲ್ಲಿ ಅದನ್ನು ಪೂರ್ತಿ ಜೋಡಿಸಿ ರಸ್ತೆಗೆ ಇಳಿಸಿದೆ. ಅಂದಿನಿಂದ ಇಂದಿನವರೆಗೆ ಕಾರನ್ನು ನೋಡಿದವರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಇದನ್ನೇ.

‘11 ವರ್ಷ ಯಾಕೆ ಬೇಕಾಯಿತು?’ ಎಂದು ಕೇಳಿದ್ದರೆ ನನಗೆ ಬೇಸರವಿರಲಿಲ್ಲ, ಏಕೆಂದರೆ ಅದು ಕಾರಣವನ್ನು ಕೇಳುವ ಮಾತು. ‘11 ವರ್ಷವೇ?’ ಎನ್ನುವುದು ಹಾಗಲ್ಲ. ಆ ಕೊನೆಯ ‘ವೇ’ಯಲ್ಲಿ ವಿಚಾರಣೆ ಮುಗಿದು ತೀರ್ಪು ಹೊರಬಿದ್ದಾಗಿರುತ್ತದೆ, ನಾನು ಏನು ಹೇಳಿದರೂ ಅದು ಸಮಜಾಯಿಷಿಯಾಗಿಯೇ ಕೇಳಿಸುತ್ತದೆ. ಕಾರು ತನ್ನದೇ ಶಕ್ತಿಯಿಂದ ಗ್ಯಾರೇಜಿನ ಹೊರಗೆ ಬಂದ ಮೊದಲ ದಿನ ನೋಡಲು ಬಂದಿದ್ದ ಹತ್ತಿರದ ಬಂಧುವೊಬ್ಬರು, ಬಾನೆಟ್ಟಿನ ಮೇಲೆ ಕೈಯೂರಿ ನಿಂತು, ಟಿವಿಯಲ್ಲಿ ಇಂಥ ಕಾರನ್ನು ಒಂದು ಗಂಟೆಯ ಕಾರ್ಯಕ್ರಮದಲ್ಲಿ ಹೊಸದು ಮಾಡಿಬಿಡುತ್ತಾರಲ್ಲ ಎಂದರು. ಅವರ ಅಂಗೈ ಊರಿದ್ದ ಆ ಜಾಗವನ್ನು ನಾನು ನಾಲ್ಕು ದರ್ಜೆಯ ಉಜ್ಜುಕಾಗದದಿಂದ, ನೀರು ಹಾಕಿಕೊಂಡು, ಕೈಯಿಂದಲೇ ಉಜ್ಜಿದ್ದೆ. ನಕ್ಕು ಸುಮ್ಮನಾದೆ, ಆದರೆ ಆ ಮಾತು ಒಳಗೆ ಕುಟುಕುತ್ತಲೇ ಇದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೆಲಸದ ಟಿಪ್ಪಣಿ ಪುಸ್ತಕದ ಪ್ರಕಾರ ನಾನು ಆ ಕಾರಿನೊಂದಿಗೆ ಕಳೆದದ್ದು ಸುಮಾರು 2,200 ಗಂಟೆ. ದಿನಕ್ಕೆ 8 ಗಂಟೆಯಂತೆ ಎಣಿಸಿದರೆ 275 ದಿನ, ಅಂದರೆ ಒಬ್ಬ ಮನುಷ್ಯನ ಒಂದು ವರ್ಷದ ದುಡಿಮೆಯಷ್ಟೇ. ಉದ್ಯೋಗ, ಮನೆ, ಮಕ್ಕಳು, ಕಾಯಿಲೆ ಇವೆಲ್ಲದರ ನಡುವೆ ಉಳಿದ ಸಂಜೆಗಳಿಗೆ ಆ ಒಂದು ವರ್ಷವನ್ನು ಹಂಚಿದಾಗ ಅದು 11 ಆಗುತ್ತದೆ. ಟಿವಿಯ ಒಂದು ಗಂಟೆಯ ಹಿಂದೆ ಎಷ್ಟು ಜನ ಎಷ್ಟು ವಾರ ದುಡಿದಿರುತ್ತಾರೆಂಬುದನ್ನು ಪರದೆ ತೋರಿಸುವುದಿಲ್ಲ.

ಇಷ್ಟು ಹೇಳಿದರೆ ಲೆಕ್ಕ ಸರಿಹೋದರೂ ಉತ್ತರ ಪೂರ್ತಿಯಾಗುವುದಿಲ್ಲ. ನಿಜವಾದ ಉತ್ತರ ಇರುವುದು ಸಿಲ್‌ಗಳಲ್ಲಿ. ಸಿಲ್ ಎಂದರೆ ಕಾರಿನ ಬಾಗಿಲ ಕೆಳಗಿನ ಹೊಸ್ತಿಲು. ಎಂಜಿಬಿಗಿಂತ ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿಸ್, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇತ್ತು. 1962ರಲ್ಲಿ ಬಂದ ಎಂಜಿಬಿಯಲ್ಲಿ ಅದನ್ನು ಕೈಬಿಟ್ಟು, ಬಾಡಿಯೇ ಎಲ್ಲ ಭಾರವನ್ನೂ ಹೊರುವಂತೆ ಕಟ್ಟಿದರು. ರೋಡ್‌ಸ್ಟರ್‌ಗೆ ಗಟ್ಟಿ ಛಾವಣಿಯಿಲ್ಲದಿರುವುದರಿಂದ, ಕಾರು ನಡುವೆ ಬಾಗದಂತೆ ಹಿಡಿದಿಡುವ ಕೆಲಸದ ಬಹುಪಾಲು ಈ ಎರಡು ಹೊಸ್ತಿಲುಗಳ ಮೇಲೆಯೇ ಬೀಳುತ್ತದೆ. ಹೊರಗೆ ಕಾಣುವ ತಗಡು, ನಡುವಿನ ಪೊರೆ, ಒಳಗಿನ ತಗಡು, ಅಡಿಯಲ್ಲಿ ‘ಕ್ಯಾಸಲ್ ರೈಲ್’ ಎಂದು ಕರೆಯುವ ಪಟ್ಟಿ, ಇವೆಲ್ಲ ಸೇರಿ ಒಂದು ಪೆಟ್ಟಿಗೆಯಾಗುತ್ತವೆ. ಮುಂದಿನ ಚಕ್ರ ಎರಚುವ ಕೆಸರು ಮಡ್‌ಗಾರ್ಡಿನ ಹಿಂಬದಿಯ ಸಂದಿಯಲ್ಲಿ ಕೂತು, ವರ್ಷಗಟ್ಟಲೆ ತೇವ ಹಿಡಿದುಕೊಂಡು, ಆ ಪೆಟ್ಟಿಗೆಯನ್ನು ಮುಂದಿನ ತುದಿಯಿಂದಲೇ ತಿನ್ನಲು ಶುರು ಮಾಡುತ್ತದೆ. ಹಿಂದೆ ಯಾರೋ ನನ್ನ ಕಾರಿನ ತುಕ್ಕನ್ನು ಕತ್ತರಿಸಿ ತೆಗೆಯದೆ ಅದರ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದರು. ಗ್ರೈಂಡರ್ ತಾಗಿಸಿದಾಗ ಪುಟ್ಟಿ ಹಪ್ಪಳದಂತೆ ಎದ್ದು ಬಂತು. ಒಳಗಿನ ಪೊರೆಯನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಕಂದು ಪುಡಿ ಉದುರಿತು.

ಇಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದೆ. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಆಸರೆ ಕೊಟ್ಟು, ಬಾಗಿಲನ್ನು ಅದರ ಜಾಗದಲ್ಲಿ ತೂಗುಹಾಕಿ ಅಳೆಯುತ್ತಾ ಕೆಲಸ ಮಾಡಬೇಕೆಂಬುದನ್ನು ಓದಿದ್ದೆ, ಆದರೆ ಓದಿದ್ದನ್ನು ಪಾಲಿಸಲಿಲ್ಲ. ಕಾರನ್ನು ಎರಡೂ ತುದಿಗಳಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಾಗಿಲು ಬಿಚ್ಚಿಟ್ಟು, ಎಡಬದಿಯ ಹಳೆಯ ಸಿಲ್ ತೆಗೆದು, ಹೊಸದನ್ನು ಬಹಳ ಅಚ್ಚುಕಟ್ಟಾಗಿ ವೆಲ್ಡ್ ಮಾಡಿದೆ. ಎಷ್ಟೋ ತಿಂಗಳ ನಂತರ ಬಾಗಿಲು ಜೋಡಿಸಿದಾಗ ಅದರ ಹಿಂದಿನ ಅಂಚಿನ ಸಂದು ಮೇಲೆ 2 ಮಿಲಿಮೀಟರ್ ಇತ್ತು, ಕೆಳಗೆ 7 ಇತ್ತು. ಬಾಡಿ ನಡುವೆ ಕುಸಿದಿತ್ತು, ಕುಸಿದ ಆ ಆಕಾರವನ್ನೇ ನಾನು ವೆಲ್ಡಿಂಗಿನಿಂದ ಶಾಶ್ವತ ಮಾಡಿಬಿಟ್ಟಿದ್ದೆ. ಅದನ್ನು ಒಪ್ಪಿಕೊಳ್ಳಲು ಮನಸ್ಸು ಬಾರದೆ ಇಡೀ ಬೇಸಿಗೆ ಬಾಗಿಲಿನ ಕೀಲುಗಳನ್ನು ಸರಿಸುವುದರಲ್ಲಿಯೇ ಕಳೆದೆ. ಮೇಲೆ ಸರಿಹೋದರೆ ಮುಂದೆ ತಪ್ಪುತ್ತಿತ್ತು, ಮುಂದೆ ಸರಿಪಡಿಸಿದರೆ ಬಾಗಿಲು ಮಡ್‌ಗಾರ್ಡಿಗಿಂತ ಹೊರಚಾಚುತ್ತಿತ್ತು.

ಕೊನೆಗೆ ಒಂದು ಸಂಜೆ ನನ್ನದೇ ವೆಲ್ಡಿಂಗನ್ನು ನಾನೇ ಕತ್ತರಿಸಿದೆ. ಅದಾದ ಮೇಲೆ ಸುಮಾರು ಎರಡು ವರ್ಷ ಗ್ಯಾರೇಜಿನ ಕಡೆ ಹೋಗುವ ಮನಸ್ಸೇ ಆಗಲಿಲ್ಲ, ಆ ಎರಡು ವರ್ಷವೂ ನಿಮ್ಮ 11ರಲ್ಲಿ ಸೇರಿದೆ. ಮತ್ತೆ ಶುರು ಮಾಡಿದಾಗ ಆಸರೆ ಕೊಟ್ಟು, ಜ್ಯಾಕಿನಿಂದ ನಡುವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿ, ಬಾಗಿಲು ತೂಗುಹಾಕಿ, ಸಂದಿನಲ್ಲಿ 4 ಮಿಲಿಮೀಟರಿನ ಪಟ್ಟಿಯೊಂದನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು ನೋಡಿದೆ. ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಿತು. ಅದಾದ ನಂತರವೇ ಮೊದಲ ಹೊಲಿಗೆ ವೆಲ್ಡ್ ಹಾಕಿದೆ. ಈಗ ಆ ಬಾಗಿಲನ್ನು ಎರಡು ಬೆರಳಿನಿಂದ ತಳ್ಳಿದರೆ ಸಾಕು, ‘ಟಕ್’ ಎಂದು ಒಂದೇ ಸದ್ದಿನಲ್ಲಿ ಕೂರುತ್ತದೆ.

ಎಂಜಿನ್ ಕಷ್ಟವಾಗಿರಬೇಕಲ್ಲವೇ ಎನ್ನುತ್ತಾರೆ. ಇಲ್ಲ, 1,798 ಸಿಸಿಯ ಆ ಎಂಜಿನ್ ಸರಳವಾದದ್ದು, ಅದನ್ನು ಒಂದೇ ಚಳಿಗಾಲದಲ್ಲಿ ಮುಗಿಸಿದೆ. ಹೆದರಿಕೆಯಾದದ್ದು ಮೊದಲ ಸಲ ಚಾಲೂ ಮಾಡುವಾಗ ಮಾತ್ರ. ಹೊಸ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಸುವ ಉಬ್ಬುಗಳುಳ್ಳ ದಂಡ) ಹಾಕಿದ ಇಂಥ ಎಂಜಿನ್ನನ್ನು ಮೊದಲ ಬಾರಿಗೆ ನಿಧಾನಗತಿಯಲ್ಲಿ ಓಡಲು ಬಿಡಬಾರದು. ಕ್ಯಾಮಿನ ಮೇಲೆ ಸಾಕಷ್ಟು ಎಣ್ಣೆ ಸಿಡಿಯಬೇಕಾದರೆ ನಿಮಿಷಕ್ಕೆ 2,000 ಸುತ್ತಿಗಿಂತ ಕೆಳಗಿಳಿಸದೆ ಸುಮಾರು 20 ನಿಮಿಷ ಓಡಿಸಬೇಕು. ಅಷ್ಟೂ ಹೊತ್ತು ಒಂದು ಕಣ್ಣನ್ನು ಎಣ್ಣೆಯ ಒತ್ತಡದ ಮುಳ್ಳಿನ ಮೇಲೆ, ಇನ್ನೊಂದನ್ನು ಗಡಿಯಾರದ ಮೇಲೆ ಇಟ್ಟು ನಿಂತಿದ್ದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ‘ಏನನ್ನು ಹಾಗೆಯೇ ಬಿಟ್ಟಿರಿ?’ ಎಂದು ಯಾರಾದರೂ ಕೇಳಿದ್ದರೆ ನಾನು ಅವರನ್ನು ಒಂದು ಗಂಟೆ ಕೂರಿಸಿಕೊಂಡು ಮಾತಾಡುತ್ತಿದ್ದೆ. ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಇದು. ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ, ಮೂಲ ಅಚ್ಚುಗಳನ್ನೇ ಬಳಸಿ ಮಾಡಿದ ಇಡೀ ಬಾಡಿಯೂ 1988ರಿಂದ ಸಿಗತೊಡಗಿತು. ಹಣವಿದ್ದರೆ ಎಲ್ಲವನ್ನೂ ಬದಲಿಸಬಹುದು, ಆಮೇಲೆ ಆ ಕಾರು 1966ರದ್ದು ಎನ್ನಲು ಏನು ಉಳಿಯುತ್ತದೆ? ಆದ್ದರಿಂದ ಪ್ರತಿಯೊಂದು ಭಾಗವನ್ನು ಕೈಗೆ ತೆಗೆದುಕೊಂಡಾಗಲೂ ಅದನ್ನು ಬದಲಿಸಲೇಬೇಕೇ ಎಂದು ಯೋಚಿಸಿದೆ. ಸೀಟಿನ ಹಿಂದೆ ಅಡಗಿರುವ 6 ವೋಲ್ಟಿನ ಎರಡು ಬ್ಯಾಟರಿಗಳ ವ್ಯವಸ್ಥೆಯನ್ನೂ, ಇಂದಿನ ಕಾರುಗಳಿಗೆ ವಿರುದ್ಧವಾಗಿ ಬ್ಯಾಟರಿಯ ಧನ (ಪಾಸಿಟಿವ್) ತುದಿಯನ್ನು ಬಾಡಿಗೆ ಜೋಡಿಸುವ ಪದ್ಧತಿಯನ್ನೂ ಉಳಿಸಿಕೊಂಡೆ. ಚಾಲಕನ ಸೀಟಿನ ಹೊರ ಅಂಚಿನಲ್ಲಿ, ಹತ್ತಿ ಇಳಿದವರ ತೊಡೆ ಉಜ್ಜಿ ಉಜ್ಜಿ ಚರ್ಮ ಬೆಳ್ಳಗಾದ ಜಾಗವೊಂದಿದೆ. ಬಿಟ್ಟುಹೋಗಿದ್ದ ಹೊಲಿಗೆಯನ್ನು ಹಾಕಿಸಿ, ಆ ಬಿಳುಪನ್ನು ಹಾಗೆಯೇ ಬಿಟ್ಟೆ.

ಎಲ್ಲಕ್ಕಿಂತ ಹೆಚ್ಚಾಗಿ, ಬಲ ಬಾಗಿಲಿನ ಒಳಹಲಗೆ. ಅದನ್ನು ಬಿಚ್ಚಿದಾಗ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ ಎರಡಂಕಿಯ ಒಂದು ಸಂಖ್ಯೆಯೂ ಅದರಡಿ ಓರೆಯಾದ ಒಂದು ಗೀಟೂ ಕಂಡವು. ಈ ಕಾರುಗಳು ತಯಾರಾದ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಾನಾಗಿ ಚಲಿಸುವ ಜೋಡಣಾ ಸಾಲು ಇರಲಿಲ್ಲ, ಕೆಲಸಗಾರರೇ ಕಾರನ್ನು ಕೈಯಿಂದ ತಳ್ಳಿ ಮುಂದಿನವರಿಗೆ ದಾಟಿಸುತ್ತಿದ್ದರು. 1980ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಆ ಸಂಖ್ಯೆಯನ್ನು ಬರೆದವರು ಯಾರು, ಯಾವ ಲೆಕ್ಕಕ್ಕೆ ಬರೆದರು ಎಂದು ತಿಳಿಯುವ ದಾರಿಯಿಲ್ಲ, ಆದರೆ ಅವರ ಕೈ ಹೇಗೆ ಓಡಿತೆಂಬುದು ನನ್ನ ಕಣ್ಣೆದುರಿಗಿತ್ತು. ನೀರು ಕುಡಿದು ಅಂಚಿನಲ್ಲಿ ಉಬ್ಬಿದ್ದ ಆ ಹಲಗೆಯ ಬದಲು ಹೊಸದು ಕೊಳ್ಳುವುದು ಸುಲಭವಿತ್ತು. ನಾನು ಅದನ್ನು ಒಣಗಿಸಿ, ಭಾರ ಹೇರಿ ಚಪ್ಪಟೆ ಮಾಡಿ, ಅಂಚಿಗಷ್ಟೇ ಅಂಟು ಕುಡಿಸಿ, ಮೇಲೆ ಹೊಸ ಬಟ್ಟೆ ಹೊದಿಸಿದೆ.

ಕಳೆದ ವರ್ಷಗಳಲ್ಲಿ ಅತಿ ಕೊನೆಗೆ ಜೋಡಿಸಿದ ಭಾಗ ಅದೇ. ಸ್ಕ್ರೂ ಬಿಗಿಯುವ ಮೊದಲು ಆ ಸಂಖ್ಯೆಯ ಕೆಳಗೆ ನಾನೂ ಪೆನ್ಸಿಲಿನಲ್ಲಿಯೇ ಬರೆದೆ: 2013–2024. ಮುಂದೆ ಈ ಹಲಗೆಯನ್ನು ಬಿಚ್ಚುವವರು ತಗಡು ಕತ್ತರಿಸಿ ಬಲ್ಲವರೇ ಆಗಿರುತ್ತಾರೆ, ಅವರು ಅದನ್ನು ಓದಿದರೆ ‘ವೇ’ ಎನ್ನಲಾರರು.