ಚೆರೋಕಿ ಪ್ರಾಜೆಕ್ಟ್, ಭಾಗ 4: ಗೇರ್‌ಬಾಕ್ಸ್ ಕೆಟ್ಟಿರಲೇ ಇಲ್ಲ

ಮೂರು ತಿಂಗಳಿಂದ ಏನೂ ಬರೆದಿರಲಿಲ್ಲ. ಗಾಡಿ ನಿಂತೇ ಇತ್ತು. ಹೊಸದಾಗಿ ಓದುವವರಿಗೆ ಹೇಳುತ್ತೇನೆ, ಇದು 1996ರ ಜೀಪ್ ಚೆರೋಕಿ, 4.0 ಲೀಟರ್ ಪೆಟ್ರೋಲ್ ಎಂಜಿನ್, ಅದಕ್ಕೆ ಐಸಿನ್ ಕಂಪನಿಯ ಎಡಬ್ಲ್ಯೂ4 ಅನ್ನುವ ನಾಲ್ಕು ಗೇರಿನ ಆಟೋಮ್ಯಾಟಿಕ್. ಕಳೆದ ಸಲ ಸಸ್ಪೆನ್ಶನ್ ಎತ್ತರಿಸಿ 31 ಇಂಚಿನ ಟೈರ್ ಹಾಕಿದ್ದನ್ನು ಬರೆದಿದ್ದೆ. ಅದಾದ ಮೇಲೆ ಮೊದಲ ಮರಳಿನ ಏರಿನಲ್ಲೇ ತೊಂದರೆ ಶುರುವಾಯಿತು.

ಲಕ್ಷಣಗಳು ಹೀಗಿದ್ದವು. ಅರ್ಧ ಗಂಟೆ ಮರಳಲ್ಲಿ ಒದ್ದಾಡಿದ ಮೇಲೆ ಸುಟ್ಟ ವಾಸನೆ. ನಿಂತಲ್ಲಿಂದ ಹೊರಟರೆ ಮೇಲಿನ ಗೇರಿನಲ್ಲಿ ಹೊರಟ ಹಾಗೆ ಮಂಕು. ಒಮ್ಮೆ ಸರಿ, ಒಮ್ಮೆ ತಪ್ಪು. ಪಾರ್ಕ್‌ನಲ್ಲಿ ಕೀ ತಿರುಗಿಸಿದರೆ ಸ್ಟಾರ್ಟರ್ ಸುಮ್ಮನಿರುತ್ತಿತ್ತು, ನ್ಯೂಟ್ರಲ್‌ಗೆ ತಂದರೆ ತಿರುಗುತ್ತಿತ್ತು. ರಿವರ್ಸ್ ಲೈಟ್ ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಓಡಿಸಿಯೂ ನೋಡದೆ, ಗೇರ್‌ಬಾಕ್ಸ್ ಹೋಗಿದೆ, ಇಳಿಸಿ ಬೇರೆ ಹಾಕಬೇಕು ಅಂದುಬಿಟ್ಟರು. ನನಗೆ ಬೇಜಾರಾಗಿದ್ದು ಖರ್ಚಿನ ಬಗ್ಗೆ ಅಲ್ಲ. ಒಂದು ಟೆಸ್ಟ್ ಕೂಡ ಮಾಡದೆ ತೀರ್ಪು ಕೊಟ್ಟರಲ್ಲ, ಅದಕ್ಕೆ.

ಮೊದಲ ವಾರ: ಕಂಪ್ಯೂಟರ್ ಕಿತ್ತು ನೋಡಿದ್ದು

ಎಡಬ್ಲ್ಯೂ4 ಇರುವವರೆಲ್ಲ ಇದೊಂದನ್ನು ಕಲಿತಿರಬೇಕು. ಇದರ ಗೇರ್ ಬದಲಾಯಿಸುವುದು ಒಂದು ಪುಟ್ಟ ಕಂಪ್ಯೂಟರ್, ಟಿಸಿಯು, ಡ್ಯಾಶ್‌ಬೋರ್ಡ್ ಕೆಳಗೆ ಕೂತಿರುತ್ತದೆ. ಅದು ಎರಡು ಸೊಲೆನಾಯ್ಡ್‌ಗೆ, ಅಂದರೆ ಆಯಿಲ್ ದಾರಿ ಬದಲಾಯಿಸುವ ಕರೆಂಟ್ ವಾಲ್ವ್‌ಗಳಿಗೆ, ಕರೆಂಟ್ ಕೊಡುತ್ತದೆ. ಮೊದಲನೆಯದಕ್ಕೆ ಮಾತ್ರ ಕರೆಂಟ್ ಇದ್ದರೆ ಒಂದನೇ ಗೇರ್, ಎರಡಕ್ಕೂ ಇದ್ದರೆ ಎರಡನೇದು, ಎರಡನೆಯದಕ್ಕೆ ಮಾತ್ರ ಇದ್ದರೆ ಮೂರನೇದು, ಯಾವುದಕ್ಕೂ ಇಲ್ಲದಿದ್ದರೆ ನಾಲ್ಕನೇದು. ಮೂರನೇ ಸೊಲೆನಾಯ್ಡ್ ಒಂದಿದೆ, ಅದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕಪ್‌ಗೆ, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜಾರದ ಹಾಗೆ ನೇರ ಜೋಡಿಸುವುದಕ್ಕೆ. ಈಗ ಟಿಸಿಯು ಪ್ಲಗ್ ಕಿತ್ತುಬಿಟ್ಟರೆ ಏನಾಗುತ್ತದೆ? ಎಲ್ಲವೂ ಲಿವರ್ ಮತ್ತು ಆಯಿಲ್ ಪ್ರೆಶರ್ ಮೇಲೆ ಬೀಳುತ್ತದೆ. ಲಿವರ್ 1-2ರಲ್ಲಿ ಇಟ್ಟರೆ ಒಂದನೇ ಗೇರ್, 3ರಲ್ಲಿ ಇಟ್ಟರೆ ಮೂರನೇದು, ಡಿಯಲ್ಲಿ (ಡ್ರೈವ್) ನಾಲ್ಕನೇದು. ಎರಡನೇ ಗೇರ್ ಸಿಗುವುದಿಲ್ಲ, ಅದು ಬಿಟ್ಟರೆ ಮ್ಯಾನ್ಯುಯಲ್ ಗಾಡಿಯ ಹಾಗೇ ಕೈಯಲ್ಲಿ ಬದಲಾಯಿಸಿಕೊಂಡು ಮನೆ ಸೇರಬಹುದು. ಕಾಡಿನ ಮಧ್ಯೆ ಟಿಸಿಯು ಸತ್ತರೂ ಈ ಗಾಡಿ ಕೈ ಬಿಡುವುದಿಲ್ಲ, ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಅದೂ ಒಂದು ಕಾರಣ.

ಪ್ಲಗ್ ಕಿತ್ತು ಖಾಲಿ ರಸ್ತೆಯಲ್ಲಿ ಓಡಿಸಿದೆ. ಮೂರೂ ಗೇರ್ ಗಟ್ಟಿಯಾಗಿ ಹಿಡಿದವು. ಜಾರಲಿಲ್ಲ, ಕೂಗಲಿಲ್ಲ. ಆಮೇಲೆ ಟೈಮ್ ಲ್ಯಾಗ್ ಟೆಸ್ಟ್. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ ನ್ಯೂಟ್ರಲ್‌ನಿಂದ ಡಿಗೆ ಹಾಕಿದರೆ 1.2 ಸೆಕೆಂಡ್ ಒಳಗೆ, ರಿವರ್ಸ್‌ಗೆ ಹಾಕಿದರೆ 1.5 ಸೆಕೆಂಡ್ ಒಳಗೆ ಗಾಡಿ ಹಿಡಿದ ಅನುಭವ ಆಗಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡಿ ಲೆಕ್ಕ ಹಾಕಿದೆ. ಎರಡೂ ಒಳಗೇ ಇದ್ದವು. ಕೊನೆಗೆ ಟಿಸಿಯು ಪ್ಲಗ್ ಕಡೆಯಿಂದ ಮೂರೂ ಸೊಲೆನಾಯ್ಡ್‌ಗೆ ಮೀಟರ್ ಹಿಡಿದೆ. 11ರಿಂದ 15 ಓಮ್ ಇರಬೇಕು, ಮೂರೂ 13ರ ಹತ್ತಿರ ಬಂತು.

ಅಂದರೆ ಕ್ಲಚ್, ಪಂಪು, ಸೊಲೆನಾಯ್ಡ್ ಎಲ್ಲ ಚೆನ್ನಾಗಿವೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎರಡನೇ ವಾರ: ಕೆಸರು ತಿಂದ ಸ್ವಿಚ್

ಪಾರ್ಕ್‌ನಲ್ಲಿ ಸ್ಟಾರ್ಟ್ ಆಗದಿರುವುದು, ರಿವರ್ಸ್ ಲೈಟ್, ತಪ್ಪು ಗೇರ್, ಈ ಮೂರೂ ಸೇರುವ ಜಾಗ ಒಂದೇ: ನ್ಯೂಟ್ರಲ್ ಸೇಫ್ಟಿ ಸ್ವಿಚ್. ಲಿವರ್ ಎಲ್ಲಿದೆ ಅಂತ ಟಿಸಿಯುಗೆ ಹೇಳುವುದು ಇದೇ. ಗೇರ್‌ಬಾಕ್ಸಿನ ಪಕ್ಕದಲ್ಲಿ, ನೀರು ಕೆಸರು ನೇರವಾಗಿ ಹೊಡೆಯುವ ಜಾಗದಲ್ಲಿ ಕೂತಿದೆ. ರಸ್ತೆ ಮೇಲೆ ಮಾತ್ರ ಓಡುವ ಗಾಡಿಯಲ್ಲಿ ಇದು ಬಹಳ ಕಾಲ ಬಾಳಬಹುದು. ನಾನು ಎರಡು ವರ್ಷದಿಂದ ಹಳ್ಳ ದಾಟಿಸಿದ್ದೇನೆ.

ಬಿಚ್ಚುವುದು ಕಷ್ಟವಿಲ್ಲ. ಶಾಫ್ಟ್ ಮೇಲಿನ ನಟ್‌ಗೆ ಮಡಿಚಿದ ಲಾಕ್ ವಾಷರ್ ಇರುತ್ತದೆ, ಅದರ ಕಿವಿಗಳನ್ನು ನಿಧಾನವಾಗಿ ನೇರ ಮಾಡಿ, ಮುರಿದರೆ ಮತ್ತೆ ಕೂರಿಸುವುದು ತಲೆನೋವು. ಸ್ವಿಚ್ ತೆರೆದರೆ ಒಳಗೆ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು, ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್, ಹಳೇ ಟೂತ್‌ಬ್ರಷ್, ತುಂಬ ನುಣುಪಾದ ಉಪ್ಪುಕಾಗದ. ಆಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ. ವಾಪಸ್ ಹಾಕುವಾಗ ಲಿವರ್ ನ್ಯೂಟ್ರಲ್‌ನಲ್ಲಿ ಇರಬೇಕು, ಸ್ವಿಚ್ ಮೇಲಿನ ಗೆರೆ ಶಾಫ್ಟಿನಲ್ಲಿ ಕೊರೆದ ಗೀರಿಗೆ ಸರಿಯಾಗಿ ಸೇರಬೇಕು. ಸ್ವಲ್ಪ ಆಚೀಚೆ ಆದರೂ ಮತ್ತೆ ಅದೇ ಕಾಯಿಲೆ.

ಒಂದೇ ಮಧ್ಯಾಹ್ನದ ಕೆಲಸ. ಪಾರ್ಕ್‌ನಲ್ಲಿ ಸ್ಟಾರ್ಟ್ ಆಯಿತು, ರಿವರ್ಸ್ ಲೈಟ್ ಬಂತು, ಹೊರಡುವಾಗ ಒಂದನೇ ಗೇರ್ ತಪ್ಪದೆ ಸಿಕ್ಕಿತು. ಇದಕ್ಕೋಸ್ಕರ ಇಡೀ ಗೇರ್‌ಬಾಕ್ಸ್ ಇಳಿಸಬೇಕಿತ್ತಾ?

ಮೂರನೇ ಮತ್ತು ನಾಲ್ಕನೇ ವಾರ: ಬಿಸಿ

ಆದರೆ ಸುಟ್ಟ ವಾಸನೆಗೂ ಸ್ವಿಚ್‌ಗೂ ಸಂಬಂಧವಿಲ್ಲ. ಆಯಿಲ್ ಕೆಂಪಾಗಿರುವ ಬದಲು ಕಂದು ಬಣ್ಣಕ್ಕೆ ತಿರುಗಿತ್ತು. ಪ್ಯಾನ್ ಇಳಿಸಿದೆ. ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಪುಡಿ, ಅದು ಮಾಮೂಲು. ಲೋಹದ ಚೂರಾಗಲೀ ಕ್ಲಚ್ಚಿನ ಕಪ್ಪು ತುಣುಕಾಗಲೀ ಇರಲಿಲ್ಲ. ಪ್ಯಾನ್ ವಾಪಸ್ ಕೂರಿಸುವಾಗ ಸೀಲೆಂಟ್ ತೆಳುವಾಗಿ ಹಚ್ಚಿ, ಜಾಸ್ತಿಯಾದರೆ ಒಳಗೆ ಉದುರಿ ಫಿಲ್ಟರ್ ಜಾಲರಿಗೆ ಅಂಟುತ್ತದೆ. ಬೋಲ್ಟ್ 7 ನ್ಯೂಟನ್ ಮೀಟರ್ ಸಾಕು, ಕೈ ಜೋರು ಇರುವವರು ಟಾರ್ಕ್ ರೆಂಚ್ ಹಿಡಿಯಲೇಬೇಕು.

ಒಟ್ಟು ಸುಮಾರು 8 ಲೀಟರ್ ಆಯಿಲ್ ಹಿಡಿಯುತ್ತದೆ, ಬಸಿದರೆ ಬರುವುದು ಅರ್ಧ. ಮಿಕ್ಕಿದ್ದು ಕನ್ವರ್ಟರ್ ಒಳಗೆ ಮತ್ತು ಕೂಲರ್ ಪೈಪುಗಳಲ್ಲಿ ಉಳಿಯುತ್ತದೆ. ಹಾಗಾಗಿ ಮೂರು ಸಲ ಬಸಿದು, ನಡುವೆ ಓಡಿಸಿ, ಡೆಕ್ಸ್‌ರಾನ್ 3 ಗುಣಮಟ್ಟದ ಆಯಿಲ್ ತುಂಬಿದೆ. ಈಗ ಹಳೆಯದು ಎಂಟರಲ್ಲಿ ಒಂದು ಭಾಗ ಉಳಿದಿರಬಹುದು. ಮಿಷಿನ್ ಹಾಕಿ ಪ್ರೆಶರ್‌ನಲ್ಲಿ ತೊಳೆಯುವುದು ನನಗೆ ಇಷ್ಟವಿಲ್ಲ, ಹಳೇ ಗಾಡಿಗೆ ಮೆತ್ತಗೆ ಮಾಡುವುದೇ ಒಳ್ಳೆಯದು.

ಬಿಸಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಇದ್ದಾಗ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕವೇ ದಾಟಬೇಕು. ಎಂಜಿನ್ ಜೋರಾಗಿ ತಿರುಗುತ್ತಿದ್ದು ಚಕ್ರ ನಿಧಾನವಾಗಿದ್ದರೆ ಆ ವ್ಯತ್ಯಾಸವೆಲ್ಲ ಬಿಸಿಯಾಗುತ್ತದೆ. ಚಕ್ರ ಪೂರ್ತಿ ನಿಂತು ಆಕ್ಸಿಲರೇಟರ್ ಒತ್ತಿದ್ದರೆ ಅಷ್ಟೂ ಶಕ್ತಿ ಆಯಿಲ್ ಕಾಯಿಸುವುದಕ್ಕೇ ಹೋಗುತ್ತದೆ. ನಾನು ಮರಳಿನಲ್ಲಿ ಹೈ ರೇಂಜ್‌ನಲ್ಲೇ (ಫೋರ್ ವೀಲ್ ಡ್ರೈವ್‌ನ ಮಾಮೂಲು ಗೇರಿಂಗ್) ಏರಿಸುತ್ತಿದ್ದೆ, ಗಾಡಿ ಹೋಗುತ್ತಿದೆಯಲ್ಲ ಅಂತ. ಅದು ನನ್ನ ತಪ್ಪು. ಲೋ ರೇಂಜ್‌ನಲ್ಲಿ ಚಕ್ರದ ವೇಗಕ್ಕೆ 2.72 ಪಟ್ಟು ಇಳಿಕೆ ಸಿಗುತ್ತದೆ, ಅದೇ ವೇಗಕ್ಕೆ ಕನ್ವರ್ಟರ್ ಮೇಲೆ ಬೀಳುವ ಭಾರ ತುಂಬ ಕಡಿಮೆ.

ಅದರ ಮೇಲೆ ಟೈರ್. ಮೊದಲಿದ್ದ 225/75ಆರ್15 ಟೈರಿನ ಎತ್ತರ 28.3 ಇಂಚು. 31 ಇಂಚು ಹಾಕಿದಾಗ ಹತ್ತಿರ ಹತ್ತಿರ ಶೇ 9ರಷ್ಟು ಗೇರಿಂಗ್ ಕಳೆದುಕೊಂಡೆ. ನನ್ನ ಆಕ್ಸಲ್ ಅನುಪಾತ 3.55 (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.55 ಸುತ್ತು), ಈಗ ಅದು 3.24ರ ಹಾಗೆ ನಡೆದುಕೊಳ್ಳುತ್ತಿದೆ. ಇದಕ್ಕೆ ಸರಿಯಾದ ಮದ್ದು 4.10 ಗೇರ್ ಹಾಕುವುದು, ಹಿಂದೆ ಮುಂದೆ ಎರಡಕ್ಕೂ. ಅದು ದೊಡ್ಡ ಕೆಲಸ, ಮುಂದಿನ ಭಾಗಕ್ಕೆ ಇಟ್ಟುಕೊಂಡಿದ್ದೇನೆ.

ಸದ್ಯಕ್ಕೆ ಕೂಲರ್. ರೇಡಿಯೇಟರ್ ಒಳಗಿನ ಕೂಲರ್ ಉಳಿಸಿಕೊಂಡೆ, ಅದರ ನಂತರ ಪ್ಲೇಟ್ ಮಾದರಿಯ ಇನ್ನೊಂದನ್ನು ಸೇರಿಸಿದೆ. ಅಂದರೆ ಗೇರ್‌ಬಾಕ್ಸ್, ರೇಡಿಯೇಟರ್, ಹೊಸ ಕೂಲರ್, ವಾಪಸ್ ಗೇರ್‌ಬಾಕ್ಸ್. ರೇಡಿಯೇಟರ್ ಬೇಡ, ಹೊಸದೊಂದೇ ಸಾಕು ಅನ್ನುವವರೂ ಇದ್ದಾರೆ. ಹಳೇ ರೇಡಿಯೇಟರ್ ಒಳಗೆ ತೂತಾದರೆ ಕೂಲೆಂಟ್ ಆಯಿಲ್‌ಗೆ ಸೇರಿ ಗುಲಾಬಿ ಹಾಲಿನ ಬಣ್ಣ ಬರುತ್ತದೆ, ಕ್ಲಚ್ಚಿನ ಲೈನಿಂಗ್ ಅಂಟು ಬಿಡುತ್ತದೆ, ಆ ಭಯ ನಿಜ. ಅದಕ್ಕೆ ನಾನು ರೇಡಿಯೇಟರನ್ನೇ ಹೊಸದು ಹಾಕಿದೆ. ಚಳಿಯಲ್ಲಿ ಆಯಿಲ್ ಬೇಗ ಬೆಚ್ಚಗಾಗಲು ಅದು ಬೇಕು. ಹೋಸ್ ವಿಷಯದಲ್ಲಿ ಮಾತ್ರ ರಾಜಿ ಬೇಡ, ಗೇರ್‌ಬಾಕ್ಸ್ ಆಯಿಲ್‌ಗೆ ಅಂತಲೇ ಮಾಡಿದ್ದು ಹಾಕಿ, ಪೆಟ್ರೋಲ್ ಹೋಸ್ ಅಲ್ಲ.

ಆಯಿಲ್ ಎಷ್ಟು ಬಿಸಿ ಅಂತ ತೋರಿಸುವ ಮೀಟರ್ ಕೂಡ ಹಾಕಿದೆ, ಅದರ ಸೆನ್ಸರ್ ಕೂಲರ್‌ಗೆ ಹೋಗುವ ಪೈಪಿನಲ್ಲಿ ಕೂರಿಸಿದೆ. ಪ್ಯಾನಿನಲ್ಲಿ ಇಟ್ಟರೆ ನಿಧಾನವಾಗಿ ಏರುತ್ತದೆ, ನೋಡುವ ಹೊತ್ತಿಗೆ ತಡವಾಗಿರುತ್ತದೆ. ಪೈಪಿನಲ್ಲಿ ಕನ್ವರ್ಟರ್‌ನಿಂದ ಬಂದ ಬಿಸಿ ತಕ್ಷಣ ಕಾಣುತ್ತದೆ. ಮೀಟರ್ ಮೊದಲು, ಕೂಲರ್ ಆಮೇಲೆ ಹಾಕಿದ್ದು ಒಳ್ಳೆಯದಾಯಿತು, ಹೋಲಿಸಲು ಹಳೇ ಅಂಕಿ ಸಿಕ್ಕಿತು.

ಸಣ್ಣ ಪುಟ್ಟ ಕೆಲಸ

ಥ್ರಾಟಲ್ ಕೇಬಲ್ ಹೊಂದಿಸಿದೆ. ಈ ಕೇಬಲ್ ಗೇರ್‌ಬಾಕ್ಸಿನ ಆಯಿಲ್ ಪ್ರೆಶರ್ ನೋಡಿಕೊಳ್ಳುತ್ತದೆ, ಸಡಿಲವಾದರೆ ಪ್ರೆಶರ್ ಕಮ್ಮಿಯಾಗಿ ಕ್ಲಚ್ ಜಾರುತ್ತದೆ. ಬಟನ್ ಒತ್ತಿ ಕೇಬಲ್ ಪೂರ್ತಿ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದರೆ ಟಿಕ್ ಟಿಕ್ ಅಂತ ತಾನೇ ಹೊಂದಿಕೊಳ್ಳುತ್ತದೆ. ಎರಡು ನಿಮಿಷ. ಗೇರ್‌ಬಾಕ್ಸ್ ಒಳಗಿನ ಗಾಳಿ ಆಡುವ ಬ್ರೀದರ್ ಪೈಪನ್ನು ಬಾನೆಟ್ ಒಳಗೆ ಮೇಲಕ್ಕೆ ತಂದೆ, ಯಾಕೆಂದರೆ ಬಿಸಿ ಗೇರ್‌ಬಾಕ್ಸ್ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನೇ ಎಳೆದುಕೊಳ್ಳುತ್ತದೆ.

ಲಾಕಪ್‌ಗೆ ಕೈಯಲ್ಲಿ ಒತ್ತುವ ಸ್ವಿಚ್ ಹಾಕು ಅಂತ ಇಬ್ಬರು ಗೆಳೆಯರು ಹೇಳಿದರು. ಉದ್ದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್‌ಗೆ ಅದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮರೆತು ಆನ್ ಮಾಡಿಟ್ಟು ನಿಧಾನ ಮಾಡಿದರೆ ಎಂಜಿನ್ ನಿಂತುಹೋಗುತ್ತದೆ. ಸದ್ಯಕ್ಕೆ ಬೇಡ.

ನಿನ್ನೆ

ಅದೇ ಮರಳಿನ ಏರಿಗೆ ಹೋಗಿದ್ದೆ. ಕೂಲರ್ ಇಲ್ಲದೆ ಹೈ ರೇಂಜ್‌ನಲ್ಲಿ ಮೀಟರ್ 121 ಡಿಗ್ರಿ ತೋರಿಸಿ ನಾನೇ ಹೆದರಿ ನಿಲ್ಲಿಸಿದ್ದೆ. ನಿನ್ನೆ ಕೂಲರ್ ಜೊತೆ, ಲೋ ರೇಂಜ್, ಲಿವರ್ 1-2ರಲ್ಲಿ. ತುದಿ ಮುಟ್ಟಿದಾಗ 93. ಇಳಿದು ಹತ್ತು ನಿಮಿಷ ಸಪಾಟು ರಸ್ತೆಯಲ್ಲಿ ಓಡಿಸಿದ ಮೇಲೆ 79ಕ್ಕೆ ಬಂತು. ಡಿಪ್‌ಸ್ಟಿಕ್ ಎಳೆದು ಬಿಳಿ ಕಾಗದದ ಮೇಲೆ ಒರೆಸಿದೆ. ಕೆಂಪಾಗೇ ಇದೆ, ವಾಸನೆ ಇಲ್ಲ. ಹೊಸ ಕೂಲರ್‌ನ ಒಂದು ಕ್ಲಿಪ್ ಹತ್ತಿರ ಸಣ್ಣಗೆ ಜಿನುಗುತ್ತಿದೆ, ನಾಳೆ ಬೆಳಿಗ್ಗೆ ಅದನ್ನು ಬಿಗಿ ಮಾಡಿ ಆಕ್ಸಲ್ ಅಳತೆ ತೆಗೆಯುವುದಕ್ಕೆ ಶುರು ಮಾಡುತ್ತೇನೆ.