ಬಿದ್ರಿ ಅಂಗಡಿಯಲ್ಲಿ ಜಾರ್ಜಿಯಾದ ವೈನ್ ಮಾತು

ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋಗಿ. 2017ರಲ್ಲಿ ಶುರುವಾದ ಮಾರ್ಗ. ಕಪ್ಪು ಎರೆಹೊಲ ಮುಗಿದು ಕೆಂಪು ನೆಲ ಶುರುವಾಗುವುದನ್ನು ಕಿಟಕಿಯಲ್ಲಿ ಕೂತೇ ನೋಡಬಹುದು. ಕೋಟೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ. ನನಗೆ ಕೋಟೆಗಿಂತ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇಷ್ಟವಾಯಿತು. ಅರ್ಧ ಬಿದ್ದ ಕಟ್ಟಡ, ಆದರೂ ಮಿನಾರಿನ ಮೇಲೆ ಉಳಿದಿರುವ ನಾಲ್ಕು ಬಣ್ಣದ ಹೆಂಚು ಸಾಕು, 1472ರಲ್ಲಿ ಹೇಗಿದ್ದಿರಬಹುದು ಅಂತ ಊಹಿಸೋಕೆ.

ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳಿಗೆ ಆಟೋದಲ್ಲಿ ಹೋಗುವವರಿಗೆ ಒಂದು ಮಾತು. ವಾಪಸ್ ಬಂದ ಮೇಲೇ ದುಡ್ಡು ಕೊಡಿ. "ಇಲ್ಲೇ ಇರ್ತೀನಿ ಸಾಹೇಬ್ರ" ಅಂದು ಎರಡೂ ಕಡೆಯ ಬಾಡಿಗೆ ಇಸಕೊಂಡವನು ನಾನು ಒಳಗೆ ಛಾವಣಿಯ ಚಿತ್ತಾರ ನೋಡುವಷ್ಟರಲ್ಲಿ ಮಾಯ. ಮಧ್ಯಾಹ್ನದ ಬಿಸಿಲಲ್ಲಿ ನಡೆದೇ ಊರು ಸೇರಿದೆ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆ ಸಿಟ್ಟಲ್ಲೇ ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರದ ಹತ್ತಿರದ ಒಂದು ಬಿದ್ರಿ ಅಂಗಡಿಯ ನೆರಳಿಗೆ ನುಗ್ಗಿದೆ. ಸಂಜೆವರೆಗೂ ಅಲ್ಲಿಂದ ಏಳಲಿಲ್ಲ.

ಚಾಚಾ ಒಬ್ಬರು ಸಣ್ಣ ಹೂಜಿಯೊಂದನ್ನು ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಉಳಿಯಿಂದ ಬಳ್ಳಿ ಕೆತ್ತಿ, ಕೂದಲಿನಂಥ ಬೆಳ್ಳಿ ತಂತಿಯನ್ನು ಆ ಗೀರಿನಲ್ಲಿ ಇಟ್ಟು, ಟಕ್ ಟಕ್ ಅಂತ ಕೂರಿಸುತ್ತಿದ್ದರು. ಇನ್ನೊಂದು ಕಡೆ ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಹಾಕಿದ ನೀರು ಒಲೆ ಮೇಲೆ. ತಯಾರಾದ ತಟ್ಟೆಯೊಂದನ್ನು ಅದರಲ್ಲಿ ಅದ್ದಿ ತೆಗೆದರು. ಲೋಹ ಮಾತ್ರ ಕಪ್ಪಗಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ಆ ಮಣ್ಣು ಬಿಟ್ಟು ಬೇರೆ ಮಣ್ಣಲ್ಲಿ ಈ ಕಪ್ಪು ಬರಲ್ಲವಂತೆ.

"ಎಲ್ಲಿಗೆ ಹೋಗ್ತದ ಚಾಚಾ ಇದು?" ಅಂದೆ.

"ಹೈದರಾಬಾದಿಗ್ರಿ. ಒಬ್ಬ ಸೇಠ್ ಹನ. ಅವ ಅಂದದ್ದೇ ರೇಟು. ಬೆಳ್ಳಿ ದಿನಾ ಏರ್ತದ, ಅವನ ರೇಟು ಏರಂಗಿಲ್ಲ."

ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗ ತಲೆ ಎತ್ತಿದ. ಪಕ್ಕದ ಮನೆಯವನು, ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಾನೆ, ರಜೆಗೆ ಬಂದಿದ್ದ. "ಜಾರ್ಜಿಯಾದಾಗ ವೈನ್ ಮಾಡೋರ ಕತಿನೂ ಹಿಂಗೇ ಇತ್ರಿ ಸರ್" ಅಂದ. ತಾನು ಕುಡಿಯಲ್ಲ ಅಂತ ಚಾಚಾನ ಕಡೆ ನೋಡಿ ಮೊದಲೇ ಹೇಳಿದ. ಅವನ ಮನೆ ಓನರಮ್ಮನ ಅಣ್ಣನಿಗೆ ಅಲ್ಲಿಯ ವೈನ್ ಸೀಮೆ ಕಖೇತಿಯಲ್ಲಿ ದ್ರಾಕ್ಷಿ ತೋಟವಿದೆಯಂತೆ.

8000 ವರ್ಷದ ಹಿಂದೆಯೇ ಜಾರ್ಜಿಯಾದಲ್ಲಿ ದ್ರಾಕ್ಷಿಯಿಂದ ವೈನ್ ಮಾಡುತ್ತಿದ್ದರು ಅನ್ನೋದಕ್ಕೆ ಮಡಕೆ ಚೂರುಗಳಲ್ಲಿ ಗುರುತು ಸಿಕ್ಕಿದೆ. ಈಗಲೂ ಕೆಲವರು ದೊಡ್ಡ ಮಣ್ಣಿನ ಹಂಡೆಯನ್ನು ನೆಲದಲ್ಲಿ ಹೂತು, ರಸದ ಜೊತೆ ಸಿಪ್ಪೆ ಬೀಜವನ್ನೂ ಬಿಟ್ಟು ಹುಳಿಸುತ್ತಾರೆ. ಹಂಡೆಯ ಹೆಸರು ಕ್ವೆವ್ರಿ. ಇಷ್ಟೆಲ್ಲ ಇದ್ದರೂ ಬಹುಪಾಲು ಮಾಲು ಹೋಗುತ್ತಿದ್ದದ್ದು ರಷ್ಯಾಕ್ಕೆ. 2006ರಲ್ಲಿ ರಷ್ಯಾ, ವೈನಿನಲ್ಲಿ ಕೀಟನಾಶಕ ಇದೆ ಅಂತ ಹೇಳಿ ಬಾಗಿಲು ಹಾಕಿತು. ಎರಡು ದೇಶಗಳ ಜಗಳ ಆಗ ಜೋರಾಗಿತ್ತು, ಕೀಟನಾಶಕ ಬರೀ ನೆಪ ಅಂತ ಅಲ್ಲಿಯವರ ಮಾತು.

"ಆಮೇಲೆ?" ಚಾಚಾ ಉಳಿ ಕೆಳಗಿಟ್ಟರು.

"ಪೋಲೆಂಡು, ಕಝಕಿಸ್ತಾನ, ಚೀನಾ ಅಂತ ತಿರುಗಿದ್ರು ಚಾಚಾ. ರಷ್ಯಾದೋರಿಗೆ ಸೇರೋ ಸಿಹಿ ವೈನ್ ಎಲ್ಲಾ ಕಡೆ ನಡಿಯಂಗಿಲ್ಲ ಅಂತ ಆಗ ಗೊತ್ತಾತು. ಮಾಲು ಸುಧಾರಿಸಿದ್ರು."

2013ರಲ್ಲಿ ರಷ್ಯಾ ಮತ್ತೆ ಬಾಗಿಲು ತೆಗೆಯಿತು. ಎಲ್ಲರೂ ಓಡಿದರು. ಈಗ ಹೊರಗೆ ಹೋಗುವ ಮೂರು ಬಾಟಲಿಯಲ್ಲಿ ಹೆಚ್ಚುಕಮ್ಮಿ ಎರಡು ಅಲ್ಲಿಗೇ. ಅದೇ ವರ್ಷ ಯುನೆಸ್ಕೊ ಕ್ವೆವ್ರಿ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಆ ಮನ್ನಣೆ ಸಿಕ್ಕರೂ ದೊಡ್ಡ ಗಿರಾಕಿ ಬದಲಾಗಲಿಲ್ಲ.

ಯಾಕೆ ಅಂತ ಕೇಳಿದೆ. ಹುಡುಗ ಹೇಳಿದ್ದು ನನಗೆ ಸರಿ ಅನ್ನಿಸಿತು. ಸಪೆರಾವಿ ಜಾರ್ಜಿಯಾದ ಒಂದು ದ್ರಾಕ್ಷಿ ತಳಿ, ಅದರ ಕೆಂಪು ವೈನಿಗೂ ಅದೇ ಹೆಸರು; ಅದು ಏನು ಅಂತ ರಷ್ಯಾದವರಿಗೆ ಹೇಳಿಕೊಡಬೇಕಿಲ್ಲ. ಬರ್ಲಿನ್ನಿನ ಅಂಗಡಿಯಲ್ಲಿ ಹೇಳಿಕೊಡಬೇಕು, ಅದೂ ಸ್ಪೇನ್, ಚಿಲಿಯ ಅಗ್ಗದ ಬಾಟಲಿ ಪಕ್ಕದಲ್ಲಿ. ಅವರದು ದೊಡ್ಡ ತೋಟ, ಯಂತ್ರದ ಕೊಯ್ಲು. ಜಾರ್ಜಿಯಾದವರದು ತುಂಡು ಹೊಲ, ಕೈ ಕೊಯ್ಲು. ರೇಟಲ್ಲಿ ಗೆಲ್ಲೋದು ಕಷ್ಟ. ನಮ್ಮ ದೇಶಕ್ಕೆ ತರೋಣ ಅಂದರೆ ಹೊರಗಿನ ವೈನಿಗೆ ಸುಂಕ ಶೇ 150ರ ತನಕ.

"ನಮಗೂ ಜಿಐ ಅದ್ರಿ, 2006ರಾಗೇ ಬಂದದ" ಅಂದರು ಚಾಚಾ. ಜಿಐ ಅಂದರೆ ಇಂಥ ಊರಿನದೇ ಮಾಲು ಅಂತ ಸರ್ಕಾರ ಕೊಡುವ ಗುರುತು. "ನಮ್ಮ ಬಿದ್ರಿ ಕೆಲಸದ ಖಾದ್ರಿ ಸಾಹೇಬ್ರಿಗೆ ಪದ್ಮಶ್ರೀನೂ ಬಂತು. ಬೋರ್ಡಿನ ಮ್ಯಾಲೆ ಬರಸೀನಿ. ಸೇಠ್ ಬೋರ್ಡು ಓದಂಗಿಲ್ಲ."

ಜಿಐ ಪಟ್ಟ ಬಂದರೆ ಸಾಕು ಅಂತ ಭಾಷಣ ಮಾಡುವವರು ಒಮ್ಮೆ ಇಲ್ಲಿ ಬಂದು ಕೂರಬೇಕು. ಪಟ್ಟ ಮಾಲನ್ನು ಗುರುತಿಸುತ್ತೆ, ಕೊಳ್ಳುವ ಎರಡನೇ ಗಿರಾಕಿಯನ್ನು ಹುಡುಕಿಕೊಡಲ್ಲ.

"ರಷ್ಯಾ ಬಿಟ್ಟಾಗ ಅವರಿಗೆ ಸರ್ಕಾರ ಇತ್ತು. ಸೇಠ್ ಬಿಟ್ರ ನಾ ಯಾರ ಕಡೆ ಹೋಗ್ಲಿ?" ಅಂದರು.

ಹುಡುಗ ಫೋಟೋ ತೆಗೆದು ಆನ್‌ಲೈನಲ್ಲಿ ಹಾಕ್ತೀನಿ ಅಂದ. "ಮುರಿದು ಹೋದ್ರ ವಾಪಸ್ ಯಾರು ತೊಗೋತಾರ?" ಅಂತ ಚಾಚಾ. ಪಾರ್ಸಲ್ ಖರ್ಚು ಯಾರದು ಅನ್ನುವ ಮೇಲೆ ಇಬ್ಬರಿಗೂ ಜೋರು ಚರ್ಚೆ ಶುರುವಾಯಿತು. ನಾನು ಒಂದು ಜೊತೆ ಕೋಟಿನ ಗುಂಡಿ ಆರಿಸಿಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟೆ. ಚಿಲ್ಲರೆ ತರೋಕೆ ಹುಡುಗ ಎದುರಿನ ಚಹಾದಂಗಡಿಗೆ ಓಡಿದ.